ಸಹಾಯ ಬೇಕು: ರೇಷ್ಮೆ ಹುಳದ ವಾಸನೆ ಹೋಗಿಸೋದು ಹೇಗೆ?

ನಮ್ಮದು ಶಿಡ್ಲಘಟ್ಟ. ಚಿಕ್ಕವರಿದ್ದಾಗ ಮಳೆಗೆ ಹುತ್ತದಿಂದ ಎದ್ದ ಈಸಲು ಹುಳುಗಳನ್ನು ಅಜ್ಜಿ ಹುರಿದು, ಮೊರದಲ್ಲಿ ರೆಕ್ಕೆ ಕೇರಿ, ಪುರಿ ಜೊತೆ ಕೊಡ್ತಿದ್ದರು, ಆ ರುಚಿ ಇನ್ನೂ ನಾಲಿಗೆ ಮೇಲಿದೆ. ಅದಕ್ಕೇ ರೇಷ್ಮೆ ಗೂಡಿನ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳ, ಅಂದರೆ ಪ್ಯೂಪಾ, ತಿನ್ನೋ ಆಸೆ. ಅಸ್ಸಾಮಿನಲ್ಲಿ ಎರಿ ಅನ್ನೋ ಜಾತಿಯ ರೇಷ್ಮೆ ಹುಳ ತಿನ್ನುತ್ತಾರೆ, ಕೊರಿಯಾದಲ್ಲಿ ರೇಷ್ಮೆ ಹುಳ ಬೇಯಿಸಿ ಬೀದಿಯಲ್ಲೇ ಮಾರುತ್ತಾರೆ. ಮೊನ್ನೆ ಒಂದು ಹಿಡಿ ತಂದು ಎರಡು ಸಲ ತೊಳೆದು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹುರಿದೆ. ಹೊರಗೆ ಗರಿಗರಿ ಆಯ್ತು, ಆದರೆ ಆ ಗಬ್ಬು ವಾಸನೆ ಹೋಗಲೇ ಇಲ್ಲ, ಬಾಯಿಗಿಡೋಕೆ ಆಗಲಿಲ್ಲ. ರೀಲಿಂಗ್ (ನೂಲು ಬಿಚ್ಚೋ) ನೀರಲ್ಲಿ ಬೆಂದದ್ದು ತಿನ್ನಬಹುದಾ, ಇಲ್ಲ ಹಸಿ ಗೂಡು ಕತ್ತರಿಸಿಯೇ ತೆಗೀಬೇಕಾ? ಸೀಗಡಿ ಅಲರ್ಜಿ ಇರೋರಿಗೆ ಹುಳವೂ ಆಗದೇ ಇರಬಹುದು, ತಂಗಿಗೆ ಅದಿದೆ, ಅವಳಿಗಂತೂ ಕೊಡಲ್ಲ. ಮಾಡಿ ತಿಂದವರು ದಯವಿಟ್ಟು ಹೇಳಿ.