ಸಮುದ್ರದ ನೀರು ಕುದಿಸಿ ಮಾಡಿದ ಉಪ್ಪು ಕಹಿ ಏಕೆ? (1930ರ ಸತ್ಯಾಗ್ರಹ)

ಪ್ರಶ್ನೆ: ಅಂಕೋಲೆ ಉಪ್ಪಿನ ಸತ್ಯಾಗ್ರಹದ ಬಗ್ಗೆ ಮಕ್ಕಳಿಗೆ ಪ್ರಾತ್ಯಕ್ಷಿಕೆ ಮಾಡಬೇಕು. 10 ಲೀಟರ್ ನೀರಿಗೆ ಎಷ್ಟು ಉಪ್ಪು ಸಿಗುತ್ತದೆ? ಪೂರ್ತಿ ಬತ್ತಿಸಿದರೆ ಕಹಿಯಾಗುತ್ತದಂತೆ, ನಿಜವೇ?

ಉತ್ತರ 1: ನಿಜ. ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ, ಅದೆಲ್ಲ ಅಡುಗೆ ಉಪ್ಪಲ್ಲ. ಮೊದಲು ಬಟ್ಟೆಯಲ್ಲಿ ಸೋಸಿ. 10 ಲೀಟರ್ ಬತ್ತಿ 2 ಲೀಟರ್ ಆಗುವ ಹೊತ್ತಿಗೆ ಬಿಳಿ ಜಿಪ್ಸಂ ಕೂರುತ್ತದೆ, ಮತ್ತೊಮ್ಮೆ ಸೋಸಿ. 1 ಲೀಟರಿಗೆ ಬಂದಾಗ ಹರಳು ಕಟ್ಟುತ್ತದೆ. ಮುನ್ನೂರು ನಾನೂರು ಮಿಲಿ ಉಳಿದಾಗ ಇಳಿಸಿ, ಆ ನೀರನ್ನು ಚೆಲ್ಲಿಬಿಡಿ. ಕಹಿ ಇರುವುದು ಅದರ ಮೆಗ್ನೀಸಿಯಂ ಲವಣಗಳಲ್ಲೇ. ಇನ್ನೂರು ಗ್ರಾಂ ಆಸುಪಾಸು ಸಿಕ್ಕರೆ ಸಾಕು ಅನ್ನಿ.

ಉತ್ತರ 2: ನದಿ ಸೇರುವ ಅಳಿವೆಯ ನೀರು ತರಬೇಡಿ, ಸಪ್ಪೆ, ಸೌದೆ ದಂಡ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಕಹಿ ನೀರು ಚೆಲ್ಲದಿದ್ದರೆ ಉಪ್ಪು ಮಳೆಗಾಲದಲ್ಲಿ ಬೆವರುತ್ತದೆ.

ಉತ್ತರ 3: ಇತಿಹಾಸದ ಭಾಗ ಬಿಡಬೇಡಿ. ಗಾಂಧೀಜಿ ದಾಂಡಿಯಲ್ಲಿ ಕಾಯ್ದೆ ಮುರಿದದ್ದು ಏಪ್ರಿಲ್ 6; ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿ ನೇತೃತ್ವದಲ್ಲಿ ಏಪ್ರಿಲ್ 13. ಆಗಿನ ತೆರಿಗೆ ಮಣಕ್ಕೆ (ಸುಮಾರು 37 ಕಿಲೋ) ಒಂದೂಕಾಲು ರೂಪಾಯಿ. ತೂಕದ ಲೆಕ್ಕದಲ್ಲಿ ಈ ಕುದಿಸುವ ಕೆಲಸ ನಷ್ಟದ್ದೇ, ಸರ್ಕಾರದ ಬೊಕ್ಕಸಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಪೆಟ್ಟು ಬಿದ್ದದ್ದು ಅಧಿಕಾರಕ್ಕೆ: ಚಿಟಿಕೆ ಉಪ್ಪಿಗೂ ಬಂಧಿಸಬೇಕು, ಬಿಟ್ಟರೆ ಕಾಯ್ದೆ ಸತ್ತಂತೆ. ಮುಂದೆ ಅಂಕೋಲೆ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದಾಗ ಜಮೀನೇ ಜಪ್ತಿಯಾಯಿತು. ಅದು ಉಪ್ಪಿಗಿಂತ ದುಬಾರಿ ಹೋರಾಟ.