ಪದಚರ್ಚೆ: ‘ಕಾಮನ್ ಲಾಡ್ಜಿಂಗ್ ಹೌಸ್’ಗೆ ‘ಛತ್ರ’ ಅಂದರೆ ನಡೆದೀತೇ?

ಎಲ್ಲರಿಗೂ ನಮಸ್ಕಾರ,

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ವೈಟ್‌ಚಾಪೆಲ್, ಸ್ಪಿಟಲ್‌ಫೀಲ್ಡ್ಸ್ ಕೇರಿಗಳ ಬಡತನ, ಅಪರಾಧ, ಪೊಲೀಸರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾಮನ್ ಲಾಡ್ಜಿಂಗ್ ಹೌಸ್’, ಅಂದರೆ ಬಡವರು ರಾತ್ರಿಗಿಷ್ಟು ಅಂತ ಕಾಸು ಕೊಟ್ಟು ಮಲಗುತ್ತಿದ್ದ ಮನೆ, ಅದರ ಹತ್ತಿರ ಬಂದು ಕೆಲಸ ನಿಂತಿದೆ. ‘ವಸತಿಗೃಹ’ ಅನ್ನೋಣವೆಂದರೆ ನಮ್ಮ ಊರುಗಳಲ್ಲಿ ಆ ಬೋರ್ಡು ಇರುವುದೇ ಪೊಲೀಸ್ ಕ್ವಾರ್ಟರ್ಸ್ ಮುಂದೆ! ‘ಲಾಡ್ಜು’ ಅಂದರೆ ಓದುಗರಿಗೆ ರೂಮು, ಬೀಗದಕೈ ನೆನಪಾಗುತ್ತದೆ. ಗೆಳೆಯರೊಬ್ಬರು ‘ಛತ್ರ’ ಸೂಚಿಸಿದರು. ಕಿವಿಗೇನೋ ಹಿತವಾಗಿದೆ, ಆದರೆ ಅರ್ಥ ಪೂರಾ ತಲೆಕೆಳಗಾಗುತ್ತದೆ ಅಂತ ನನ್ನ ಅನುಮಾನ.

ಛತ್ರ ಯಾರೋ ಪುಣ್ಯಕ್ಕೆ ಕಟ್ಟಿಸಿದ್ದು. ಇದು ಅಪ್ಪಟ ವ್ಯಾಪಾರ. ಥ್ರಾಲ್ ಸ್ಟ್ರೀಟ್, ಡಾರ್ಸೆಟ್ ಸ್ಟ್ರೀಟ್, ಫ್ಲವರ್ ಅಂಡ್ ಡೀನ್ ಸ್ಟ್ರೀಟುಗಳಲ್ಲಿ ಇಂಥ ಮನೆಗಳು ಸಾಲುಸಾಲಾಗಿದ್ದವು. ಒಬ್ಬರ ಹಾಸಿಗೆಗೆ ರಾತ್ರಿಗೆ ನಾಲ್ಕು ಪೆನ್ನಿ, ಇಬ್ಬರದಕ್ಕೆ ಎಂಟು. ಮಲಗುವ ಕೋಣೆಯಲ್ಲಿ ಹಾಸಿಗೆ ಪಕ್ಕ ಹಾಸಿಗೆ; ಒಲೆ ಉರಿಯುವ ಅಡುಗೆಮನೆ ಒಂದೇ, ಎಲ್ಲರಿಗೂ ಸೇರಿದ್ದು. ತಂದದ್ದನ್ನು ಅಲ್ಲೇ ಬೇಯಿಸಿಕೊಂಡು, ಮಲಗುವ ಕಾಸು ಹೊಂದುವವರೆಗೆ ಬೆಂಕಿಯ ಮುಂದೆ ಕೂತಿರಬಹುದು. ಹೊಂದದಿದ್ದರೆ ಮನೆ ನೋಡಿಕೊಳ್ಳುವ ‘ಡೆಪ್ಯುಟಿ’ ಹೊರಗೆ ಕಳಿಸುತ್ತಾನೆ, ಎಷ್ಟು ಹೊತ್ತಾದರೂ ಸರಿ.

ಲೇಖನದ ತಿರುಳೆಲ್ಲ ಈ ಕೊನೆಯ ಮಾತಿನಲ್ಲಿದೆ. 1888ರ ಆಗಸ್ಟ್ 31ರ ನಸುಕಿನಲ್ಲಿ ಮೇರಿ ಆ್ಯನ್ ನಿಕಲ್ಸ್ ಎಂಬಾಕೆಯನ್ನು ಥ್ರಾಲ್ ಸ್ಟ್ರೀಟಿನ ಮನೆಯಿಂದ ಹೊರಗೆ ಕಳಿಸಿದ್ದು ಆ ನಾಲ್ಕು ಪೆನ್ನಿ ಇಲ್ಲದ್ದಕ್ಕೆ. ಹೊಸ ಟೋಪಿ ತೋರಿಸಿ, ದುಡ್ಡು ಬೇಗ ಹುಟ್ಟಿಸಿಕೊಂಡು ಬರುತ್ತೇನೆ ಅಂತ ನಗುತ್ತಾ ಹೋದಳಂತೆ. ಬೆಳಗಾಗುವುದರೊಳಗೆ ಬಕ್ಸ್ ರೋನಲ್ಲಿ ಹೆಣವಾಗಿ ಸಿಕ್ಕಳು. ಎಂಟು ದಿನ ಕಳೆದು ಡಾರ್ಸೆಟ್ ಸ್ಟ್ರೀಟಿನ ಆ್ಯನಿ ಚಾಪ್ಮನ್ ಕಥೆಯೂ ಅದೇ: ಹಾಸಿಗೆಗೆ ದುಡ್ಡಿಲ್ಲ, ನಡುರಾತ್ರಿ ಕಳೆದ ಮೇಲೆ ಬೀದಿ. ‘ಛತ್ರದಿಂದ ಹೊರಹಾಕಿದರು’ ಎಂದು ಬರೆದರೆ ನಮ್ಮ ಓದುಗರು ಆಕೆ ಏನೋ ರಂಪ ಮಾಡಿರಬೇಕು ಅಂದುಕೊಳ್ಳುತ್ತಾರೆ. ಆಕೆ ಬಾಕಿ ಇಟ್ಟದ್ದು ಕಾಸು, ಅಷ್ಟೇ.

ಹಾಗಾದರೆ ಪುಕ್ಕಟೆ ಜಾಗ ಇರಲಿಲ್ಲವೇ? ವರ್ಕ್‌ಹೌಸಿನ ‘ಕ್ಯಾಶುವಲ್ ವಾರ್ಡ್’ ಇತ್ತು. ವರ್ಕ್‌ಹೌಸ್ ಅಂದರೆ ಗತಿಯಿಲ್ಲದವರನ್ನು ದುಡಿಸಿಕೊಂಡು ಇಟ್ಟುಕೊಳ್ಳುವ ಸಾರ್ವಜನಿಕ ಆಸರೆ; ಈ ವಾರ್ಡು ಅದರಲ್ಲಿ ರಾತ್ರಿ ತಂಗಲು ಬರುವವರ ಭಾಗ. ಅಲ್ಲಿ ರಾತ್ರಿ ತಂಗಿದ್ದಕ್ಕೆ ಕಲ್ಲು ಒಡೆಯಬೇಕು, ಇಲ್ಲವೇ ಹಡಗಿನ ಹಳೇ ಡಾಂಬರು ಹಗ್ಗವನ್ನು ಬೆರಳಲ್ಲಿ ಬಿಡಿಸಿ ನಾರು ಮಾಡಬೇಕು. 1882ರ ಕಾಯ್ದೆಯ ಮೇಲಂತೂ ಎರಡು ರಾತ್ರಿ ಕಳೆಯದೆ ಬಿಡುತ್ತಿರಲಿಲ್ಲ. ಹಡಗುಕಟ್ಟೆಯ ಗೇಟಿನಲ್ಲಿ ಮುಂಜಾನೆ ನಿಂತರೆ ಮಾತ್ರ ಕೂಲಿ ಸಿಗುವವನಿಗೆ ಒಂದು ದಿನ ಒಳಗೆ ಕೂತರೆ ಆ ದಿನದ ಅನ್ನಕ್ಕೇ ಕಲ್ಲು. ಇದಕ್ಕೆ ‘ಅನಾಥಾಲಯ’, ‘ಗಂಜಿಕೇಂದ್ರ’ ಎರಡೂ ಒಗ್ಗುವುದಿಲ್ಲ. ಬೆಂಗಳೂರಿನವರು ‘ಬೆಗ್ಗರ್ಸ್ ಕಾಲೊನಿ’ ಎನ್ನುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದ ಛಾಯೆ ಸ್ವಲ್ಪ ಇದೆ. ಆಶ್ರಯವೂ ಹೌದು, ಹಿಡಿದಿಡುವುದೂ ಹೌದು. ಸದ್ಯಕ್ಕೆ ‘ವರ್ಕ್‌ಹೌಸ್’ ಎಂದೇ ಬಿಟ್ಟಿದ್ದೇನೆ.

ಇನ್ನೊಂದು ತೊಡಕು. 1851ರ ಕಾಯ್ದೆಯ ಪ್ರಕಾರ ಈ ಮನೆಗಳು ನೋಂದಣಿಯಾಗಬೇಕು, ತಪಾಸಣೆಗೆ ಬಾಗಿಲು ತೆರೆಯಬೇಕು. ಲಂಡನ್ನಿನಲ್ಲಿ 1894ರವರೆಗೂ ಆ ಕೆಲಸ ಪೊಲೀಸರದ್ದೇ. ಕೋಣೆಗೆ ಎಷ್ಟು ಹಾಸಿಗೆ ಎಂಬುದನ್ನು ನೋಡುವವರೂ ಅವರು, ಕಳ್ಳನನ್ನು ಹುಡುಕಿಕೊಂಡು ಬರುವವರೂ ಅವರು. ಆದ್ದರಿಂದ ‘ಅಡ್ಡೆ’ ಎನ್ನುವುದೂ ತಪ್ಪು; ಲೈಸೆನ್ಸ್ ಇರುವ ಅಡ್ಡೆ ಎಲ್ಲಿಯದು? ಅಲ್ಲಿ ಕಳ್ಳರೂ ಮಲಗುತ್ತಿದ್ದರು, ಬಂದರಿನ ಹಮಾಲರೂ ಬೆಂಕಿಪೊಟ್ಟಣ ಮಾರುವವರೂ ಮಲಗುತ್ತಿದ್ದರು.

ನನಗೆ ಹೊಳೆದದ್ದು ‘ಬಾಡಿಗೆ ಹಾಸಿಗೆಯ ಮನೆ’. ಉದ್ದವಾಯಿತು, ನಿಜ. ಮೆಜೆಸ್ಟಿಕ್ಕಿನ ‘ಡಾರ್ಮಿಟರಿ’ ವ್ಯವಹಾರದಲ್ಲಿ ಹತ್ತಿರ, ಆದರೆ 1888ಕ್ಕೆ ಒಪ್ಪುವುದಿಲ್ಲ. ಹಾಸಿಗೆಗೆ ಕೊಡುವ ಆ ನಾಲ್ಕು ಪೆನ್ನಿಗೆ ಅವರ ಆಡುಮಾತು ‘ಡಾಸ್ ಮನಿ’; ಅದಕ್ಕೆ ಮಾತ್ರ ‘ಹಾಸಿಗೆ ಕಾಸು’ ಚೆನ್ನಾಗಿ ಕೂತಿದೆ, ಅದನ್ನು ಬಿಡಲೊಲ್ಲೆ.

‘ಬೀಟ್’ ಬಗ್ಗೆಯೂ ಒಂದು ಮಾತು. ‘ಗಸ್ತು’ ಎಂದರೆ ಒಟ್ಟಾರೆ ತಿರುಗಾಟ. ಲಂಡನ್ನಿನ ಪೇದೆಗೆ ದಾರಿಯೂ ಹೊತ್ತೂ ಗೊತ್ತುಮಾಡಿದ್ದು. ನಿಕಲ್ಸ್ ಹೆಣ ಕಂಡ ಜಾನ್ ನೀಲ್ ಎಂಬ ಪೇದೆ, ಅರ್ಧ ಗಂಟೆ ಮುಂಚೆ ಅದೇ ಜಾಗ ದಾಟಿದ್ದೆ, ಆಗ ಯಾರೂ ಇರಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದ. ‘ಗಸ್ತು’ ಅಂದರೆ ಆ ಅರ್ಧ ಗಂಟೆಯ ಲೆಕ್ಕ ಹೊರಡುವುದಿಲ್ಲ. ನಮ್ಮ ಠಾಣೆಗಳಲ್ಲೂ ‘ಬೀಟ್’ ಎಂದೇ ಅನ್ನುವುದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ, ತಕರಾರಿದ್ದರೆ ಹೇಳಿ.

ಮಂಗಳೂರಿನ ಬಂದರು, ಹುಬ್ಬಳ್ಳಿಯ ಮಾರ್ಕೆಟ್ಟು ಬಲ್ಲವರಿಗೆ ಮುಖ್ಯವಾಗಿ ಕೇಳುತ್ತಿದ್ದೇನೆ. ರಾತ್ರಿಗಿಷ್ಟು ಅಂತ ಕೊಟ್ಟು ಹಮಾಲರು ಮಲಗುವ ಜಾಗಕ್ಕೆ ಅಲ್ಲಿ ಆಡುಮಾತಿನಲ್ಲಿ ಏನಾದರೂ ಹೆಸರಿದೆಯೇ? ಆ ಜಾಗ ನೋಡಿಕೊಳ್ಳುವವನಿಗೆ? ‘ಮೇಸ್ತ್ರಿ’ ಎಂದರೆ ಕೆಲಸ ಮಾಡಿಸುವವನಾಗಿಬಿಡುತ್ತಾನೆ, ‘ಮ್ಯಾನೇಜರ್’ ಅಂದರೆ ಕೋಟು ತೊಡಿಸಿದ ಹಾಗೆ.