ಸುಟ್ಟ ಜೇಡಿಪುಡಿ ಹಾಕಿದ ಮೇಲೆ ಫೈಬರ್ ಗಂಟು ಕಟ್ಟುತ್ತಿದೆ

ದಾವಣಗೆರೆ ಗಾರೆ:
ಕಾಂಕ್ರೀಟಿನ ತೆಳು ಚರಂಡಿ ಮುಚ್ಚಳ ಮಾಡುತ್ತೇವೆ. 13 ಮಿ.ಮೀ ಸ್ಟೀಲ್ ಫೈಬರ್ (ಉಕ್ಕಿನ ಸಣ್ಣ ಎಳೆ), ಗಾತ್ರದಲ್ಲಿ 2%, ಅಂದರೆ ಒಂದು ಘನ ಮೀಟರ್‌ಗೆ ಸುಮಾರು 157 ಕೆ.ಜಿ. ನೀರು-ಪುಡಿ ಅನುಪಾತ (ಸಿಮೆಂಟೂ ಸೇರಿದ ಪುಡಿಯ ತೂಕಕ್ಕೆ ನೀರಿನ ತೂಕ) 0.20. ಸಿಲಿಕಾ ಫ್ಯೂಮ್ (ಸಿಮೆಂಟಿಗಿಂತ ಬಹಳ ನುಣುಪಾದ ಸಿಲಿಕಾ ಪುಡಿ) ದುಬಾರಿ ಅಂತ ಅಷ್ಟೇ ತೂಕದ ಸುಟ್ಟ ಜೇಡಿಪುಡಿ ಹಾಕಿದೆವು. ಹತ್ತೇ ನಿಮಿಷಕ್ಕೆ ಮಾಲು ಬಿಗಿದುಕೊಂಡಿತು. ಫೈಬರ್ ಹಕ್ಕಿಗೂಡಿನ ಹಾಗೆ ಉಂಡೆ. ಅಡ್ಮಿಕ್ಸ್ಚರ್ (ನೀರು ಹೆಚ್ಚಿಸದೆ ಮಾಲು ಹರಿಯುವಂತೆ ಮಾಡುವ ರಾಸಾಯನಿಕ) ಎರಡರಷ್ಟು ಸುರಿದರೂ ಅಷ್ಟೇ.

ಹರಿಹರ ಮೇಸ್ತ್ರಿ:
ಒಂದು ಚೊಂಬು ನೀರು ಹಾಕಿ ಗುರೂ!

ದುರ್ಗದ ಕಲ್ಲು:
ದಯವಿಟ್ಟು ಹಾಕಬೇಡಿ, ಬಲ ಹೋಗುತ್ತದೆ. ಸಿಲಿಕಾ ಫ್ಯೂಮ್ ಕಣ ಗುಂಡಗೆ ಇರುತ್ತೆ, ಉರುಳುತ್ತೆ. ಜೇಡಿ ಕಣ ಚಪ್ಪಟೆ, ನೀರು ಕುಡಿಯುತ್ತೆ. ಹಾಗಾಗಿ ಸ್ವಲ್ಪ ಬಿಗಿಯಾಗುವುದು ಸಹಜ. ಆದರೆ ಹತ್ತು ನಿಮಿಷಕ್ಕೇ ಅಂದರೆ ನನ್ನ ಅನುಮಾನ ಬೇರೆ: ಪುಡಿ ಅರೆಬೆಂದಿದೆ. ಹಸಿ, ಅಂದರೆ ಬೇಯದ, ಜೇಡಿಯ ಪದರಗಳ ನಡುವೆ ಅಡ್ಮಿಕ್ಸ್ಚರ್ ಹೊಕ್ಕಿಬಿಡುತ್ತೆ, ಸಿಮೆಂಟಿಗೆ ಏನೂ ಉಳಿಯಲ್ಲ. ಎರೆಮಣ್ಣಿನ ಜಾತಿಯ ಜೇಡಿ ಇದ್ದರಂತೂ ಇನ್ನೂ ಜಾಸ್ತಿ.

ಪರೀಕ್ಷೆ ಸುಲಭ. ಪುಡಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ 100 ಗ್ರಾಂ ತೂಗಿ. ಕಾಲೇಜಿನ ಮಫಲ್ ಫರ್ನೇಸ್‌ನಲ್ಲಿ (ಪ್ರಯೋಗಾಲಯದ ಕುಲುಮೆ) 800 ಡಿಗ್ರಿಗೆ ಎರಡು ಗಂಟೆ ಸುಟ್ಟು ಮತ್ತೆ ತೂಗಿ. ಶುದ್ಧ ಹಸಿ ಕಯೋಲಿನ್ (ಈ ಪುಡಿಗೆ ಸುಡುವ ಬಿಳಿ ಜೇಡಿ) ಸುಮಾರು 14 ಗ್ರಾಂ ಕಳೆದುಕೊಳ್ಳುತ್ತೆ. ಚೆನ್ನಾಗಿ ಬೆಂದಿದ್ದರೆ ಒಂದೆರಡು ಗ್ರಾಂ. ಸುಣ್ಣಕಲ್ಲು ಬೆರೆತಿದ್ದರೆ ಅದೂ ತೂಕ ಇಳಿಸುತ್ತೆ, ಮೊದಲು ಕೇಳಿ. ಹಾಗಂತ 950 ದಾಟಿಸಬೇಡಿ, ಪುಡಿ ಸತ್ತುಹೋಗುತ್ತೆ, ಸಿಮೆಂಟಿನ ಜೊತೆ ಸರಿಯಾಗಿ ಕೂಡಲ್ಲ.

ದಾವಣಗೆರೆ ಗಾರೆ:
ತೂಗಿದೆ. 100 ಗ್ರಾಂ 93 ಆಯಿತು! ಮಾರಿದವರು ಸುಣ್ಣಕಲ್ಲು ಇಲ್ಲ ಅಂತಾರೆ. ಹಾಗಾದರೆ ಅರ್ಧದಷ್ಟು ಹಸಿ ಅಲ್ವಾ?

ದುರ್ಗದ ಕಲ್ಲು:
ಕಯೋಲಿನ್ ಶುದ್ಧವಾಗಿದ್ದರೆ ಸುಮಾರು ಹಾಗೇ. ಮತ್ತೆ ಸುಡಿಸಿ, ಇಲ್ಲ ವಾಪಸ್ ಕೊಡಿ. ಆಮೇಲೂ ಪೂರ್ತಿ ಬದಲಿಸಬೇಡಿ. ಅರ್ಧ ಸಿಲಿಕಾ ಫ್ಯೂಮ್ ಇರಲಿ. ಅಡ್ಮಿಕ್ಸ್ಚರ್ ಸ್ವಲ್ಪ ಹಿಡಿದಿಟ್ಟು, ಪುಡಿ ಪೂರ್ತಿ ನೆಂದ ಮೇಲೆ ಬಿಡಿ. ಮೊದಲು ಫೈಬರ್ ಇಲ್ಲದೆ ಮಾಲು ಹರಿಯಬೇಕು. ಆಮೇಲೆ ಫೈಬರನ್ನು ಜರಡಿಯಿಂದ ಉದುರಿಸಿ. ಮುದ್ದೆಗೆ ಹಿಟ್ಟು ಒಮ್ಮೆಲೇ ಸುರಿದರೆ ಗಂಟಾಗೋದು ಗೊತ್ತಲ್ಲ.

ದಾವಣಗೆರೆ ಗಾರೆ:
ಮರಳಿ ಸುಟ್ಟ ಪುಡಿ, ಅರ್ಧ-ಅರ್ಧ. ಬಿಸಿಲೇರುವ ಮೊದಲು, ಬೆಳಿಗ್ಗೆ ಆರಕ್ಕೆ ಕಲಸಿದೆವು. 25 ನಿಮಿಷವಾದರೂ ಮಾಲು ಅಚ್ಚಿನ ಮೂಲೆಗೆ ತಾನೇ ಹರಿಯಿತು. ಉಂಡೆ ಒಂದೂ ಇಲ್ಲ. ಮುಚ್ಚಳದ ಮೇಲೆ ಅಲ್ಲಲ್ಲಿ ಫೈಬರ್ ತುದಿ ಕೈಗೆ ಚುಚ್ಚುತ್ತಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.